ಎಚ್‌ಎಂಟಿ ಹಲ್ಲುಚಕ್ರ, ಪೀಣ್ಯದ ಹಿತ್ತಾಳೆ

ಸಮುದ್ರದಡಿ ‘ನಾಟಿಲಸ್’ ಓಡಿಸುವ ಕ್ಯಾಪ್ಟನ್ ನೆಮೊ ಯಾವ ದೇಶದವನು? ಸಿನಿಮಾ ನೋಡಿದವರು ಯುರೋಪಿನವನು ಎಂದುಬಿಡುತ್ತಾರೆ. ಜೂಲ್ಸ್ ವರ್ನ್ 1875ರಲ್ಲಿ ಮುಗಿಸಿದ ‘ದ ಮಿಸ್ಟೀರಿಯಸ್ ಐಲೆಂಡ್’ ಓದಿದವರಿಗೆ ಮಾತ್ರ ಗುಟ್ಟು ಗೊತ್ತು. ಆತ ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ! ಟಿಪ್ಪು ಹುಟ್ಟಿದ ದೇವನಹಳ್ಳಿಯೋ ಯಲಹಂಕ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಸಿಗುವ ಊರು. ಹಿತ್ತಾಳೆ ಕೊಳವೆ, ಒತ್ತಡದ ಮಾಪಕ, ತಿರುಗುವ ಹಲ್ಲುಚಕ್ರಗಳ ಕನಸು ಕಾಣುವ ಸ್ಟೀಮ್‌ಪಂಕ್ ಪ್ರಿಯರೆಲ್ಲ ತಮ್ಮ ಆದಿಪುರುಷ ಎಂದು ಕೊಂಡಾಡುವ ಪಾತ್ರಕ್ಕೆ ಒಬ್ಬ ಫ್ರೆಂಚ್ ಲೇಖಕ ನಮ್ಮ ಕಡೆಯ ನಂಟು ಕಟ್ಟಿಟ್ಟು ಹೋಗಿದ್ದಾನೆ. ನಮ್ಮ ಹುಡುಗರು ಮಾತ್ರ ವಿಕ್ಟೋರಿಯಾ ರಾಣಿಯ ಕಾಲದ ಉದ್ದ ಟೋಪಿಗೆ ಪ್ಲಾಸ್ಟಿಕ್ ಗೇರು ಅಂಟಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ.

ಸ್ಟೀಮ್‌ಪಂಕ್ ಹುಟ್ಟಿದ್ದು ಪುಸ್ತಕಗಳಲ್ಲಿ. ಅಮೆರಿಕದ ಲೇಖಕ ಕೆ.ಡಬ್ಲ್ಯು. ಜೀಟರ್ 1987ರಲ್ಲಿ ‘ಲೋಕಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಅರ್ಧ ತಮಾಷೆಗೆ ಇಟ್ಟ ಹೆಸರದು. 1990ರಲ್ಲಿ ವಿಲಿಯಂ ಗಿಬ್ಸನ್, ಬ್ರೂಸ್ ಸ್ಟರ್ಲಿಂಗ್ ಜೋಡಿ ಚಾರ್ಲ್ಸ್ ಬ್ಯಾಬೇಜನ ಲೆಕ್ಕದ ಯಂತ್ರ ನಿಜಕ್ಕೂ ಯಶಸ್ವಿಯಾಗಿದ್ದರೆ ಏನಾಗುತ್ತಿತ್ತು ಎಂದು ಕಾದಂಬರಿ ಬರೆಯಿತು. ಆಮೇಲೆ ಈ ಹುಚ್ಚು ಓದುಗರ ತಲೆಯಿಂದ ಕೈಗೆ ಇಳಿಯಿತು. ಜೇಕ್ ವಾನ್ ಸ್ಲಾಟ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಅಮೆರಿಕನ್ ಕುಶಲಕರ್ಮಿ ಐಬಿಎಂನ ಹಳೆಯ ಕೀಬೋರ್ಡ್ ಬಿಚ್ಚಿ ಹಿತ್ತಾಳೆಯ ಚೌಕಟ್ಟು, ಟೈಪ್‌ರೈಟರ್‌ನಂಥ ದುಂಡು ಕೀಲಿಗಳನ್ನು ಕೂರಿಸಿದ. 2009ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸದ ವಸ್ತುಸಂಗ್ರಹಾಲಯ ಇಂಥ ವಸ್ತುಗಳದೇ ಒಂದು ಪ್ರದರ್ಶನ ಇಟ್ಟಿತು. ಹೆಸರಲ್ಲಿ ಹಬೆಯಿದ್ದರೂ ಈ ವಸ್ತುಗಳಲ್ಲಿ ಹಬೆ ಇರುವುದು ಅಪರೂಪ. ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು ಎಂಬ ಹಟವೇ ಇದರ ಜೀವ. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಬೆದರಿಸುವ ಮೊಬೈಲ್ ಫೋನಿನ ಕಾಲದಲ್ಲಿ ಆ ಹಟ ಯಾಕೆ ಹುಟ್ಟಿತೆಂದು ಬಿಡಿಸಿ ಹೇಳಬೇಕಿಲ್ಲ.

ಆ ಲೆಕ್ಕದಲ್ಲಿ ನೋಡಿದರೆ ಕರ್ನಾಟಕದಲ್ಲಿ ತಯಾರಾದ ಅತ್ಯುತ್ತಮ ಸ್ಟೀಮ್‌ಪಂಕ್ ವಸ್ತುವಿಗೆ ಇನ್ನೂರು ವರ್ಷಕ್ಕೂ ಮೀರಿ ವಯಸ್ಸಾಗಿದೆ. ಅದು ಟಿಪ್ಪುವಿನ ಹುಲಿ. ಸುಮಾರು 1.78 ಮೀಟರ್ ಉದ್ದದ ಬಣ್ಣ ಬಳಿದ ಮರದ ಹುಲಿ, ಮಲಗಿದ ಯುರೋಪಿಯನ್ನನ ಕತ್ತಿಗೆ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಕೆಳಗೆ ಬಿದ್ದವನ ಕೈ ಏಳುತ್ತದೆ, ಬೀಳುತ್ತದೆ. ಅವನ ಗಂಟಲಿನ ಕೊಳವೆಯಿಂದ ನರಳಾಟ ಹೊರಡುತ್ತದೆ, ಹುಲಿಯ ತಲೆಯಿಂದ ಗುರುಗುಟ್ಟುವ ಸದ್ದು. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ 18 ಸ್ವರಗಳ ಪುಟ್ಟ ಆರ್ಗನ್ ಬೇರೆ! ಮರದ ಕೆಲಸ ಇಲ್ಲಿಯವರದು, ಒಳಗಿನ ಯಂತ್ರಕ್ಕೆ ಫ್ರೆಂಚರ ಕೈ ಸೇರಿರಬಹುದು ಎಂಬ ಅಭಿಪ್ರಾಯವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಹುಲಿಯನ್ನು ಈಸ್ಟ್ ಇಂಡಿಯಾ ಕಂಪನಿ 1808ರಲ್ಲಿ ಲಂಡನ್ನಿನ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಬಂದವರೆಲ್ಲ ಹಿಡಿ ತಿರುಗಿಸಿ ಗುರುಗುಟ್ಟಿಸುತ್ತಿದ್ದರಂತೆ. ಪಕ್ಕದ ಗ್ರಂಥಾಲಯದಲ್ಲಿ ಓದುತ್ತ ಕೂತ ವಿದ್ವಾಂಸರಿಗೆ ತಲೆನೋವು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಗಾಜಿನೊಳಗಿದೆ. ಅಲ್ಲಿಗೆ ಹೋದ ಕನ್ನಡಿಗರು ಖಡ್ಗ, ಸಿಂಹಾಸನ ಎಂದೆಲ್ಲ ಹುಡುಕುವುದುಂಟು. ನನ್ನ ಪ್ರಕಾರ ನೋಡಬೇಕಾದ್ದು ಆ ಹಿಡಿ ಮತ್ತು ತಿದಿ.

ಇನ್ನು ಉತ್ತರ ಬೆಂಗಳೂರಿಗೆ ಬರೋಣ. ಯಶವಂತಪುರದಿಂದ ಯಲಹಂಕ, ದೇವನಹಳ್ಳಿ, ನಂದಿ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ಉಗಿಬಂಡಿ ಓಡತೊಡಗಿದ್ದು 1915ರ ಹೊತ್ತಿಗೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಆ ಹಳಿ ಈಗ ಬ್ರಾಡ್‌ಗೇಜ್ ಆಗಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿಯ ಹಳೆಯ ನಿಲ್ದಾಣಗಳು ಉಳಿದಿವೆ. ಈ ಹಳಿಯ ಅಕ್ಕಪಕ್ಕದಲ್ಲೇ ಮುಂದೆ ಎಚ್‌ಎಂಟಿ, ಬಿಇಎಲ್, ಪೀಣ್ಯ, ಯಲಹಂಕದ ಗಾಲಿ ಕಾರ್ಖಾನೆ ಒಂದೊಂದಾಗಿ ತಲೆಯೆತ್ತಿದವು. ಸ್ಟೀಮ್‌ಪಂಕ್ ಮಾಡಬೇಕೆನ್ನುವವನಿಗೆ ಇಷ್ಟು ಸಲೀಸಾದ ಜಾಗ ದೇಶದಲ್ಲಿ ಇನ್ನೊಂದಿದೆಯೇ ಎಂಬ ಅನುಮಾನ ನನಗೆ.

ಮೊದಲು ಎಚ್‌ಎಂಟಿ. 1953ರಲ್ಲಿ ಜಾಲಹಳ್ಳಿಯಲ್ಲಿ ಯಂತ್ರೋಪಕರಣ ಕಾರ್ಖಾನೆಯಾಗಿ ಶುರುವಾದ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರಕ್ಕೆ ಕೈ ಹಾಕಿತು. ಜನತಾ, ಪೈಲಟ್, ಕೊಹಿನೂರ್, ಸೋನಾ: ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ, ಮದುವೆ ಗಂಡಿಗೆ, ನಿವೃತ್ತರಾಗುವ ಮೇಷ್ಟ್ರಿಗೆ ಇವೇ ಉಡುಗೊರೆ. ಎಂಬತ್ತರ ದಶಕದಲ್ಲಿ ಹೊಸೂರಿನಿಂದ ಟೈಟನ್ ಕ್ವಾರ್ಟ್ಜ್ ಬಂತು, ಕೀ ಕೊಡುವ ಗಡಿಯಾರದ ಕಾಲ ಇಳಿಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹಾಗಾಗಿಯೇ ಕೆಟ್ಟು ನಿಂತ ಎಚ್‌ಎಂಟಿಗಳು ಇವತ್ತು ಗುಜರಿಯಲ್ಲಿ, ಹಳೆಯ ರಿಪೇರಿ ಅಂಗಡಿಗಳ ಡಬ್ಬದಲ್ಲಿ ಸಿಗುತ್ತವೆ. ಸ್ಟೀಮ್‌ಪಂಕ್ ಪೆಂಡೆಂಟ್, ಉಂಗುರ, ಕಫ್‌ಲಿಂಕ್ ಮಾಡುವವರಿಗೆ ಅದೇ ಗಣಿ.

ಜನತಾ ಗಡಿಯಾರದ ಬೆನ್ನು ಮುಚ್ಚಳ ತೆಗೆದು ಒಮ್ಮೆ ಭೂತಗನ್ನಡಿಯಲ್ಲಿ ನೋಡಬೇಕು. ಒಂದು ಬದಿಯಲ್ಲಿ ಸ್ಪ್ರಿಂಗ್ ಸುತ್ತಿಟ್ಟ ಡಬ್ಬಿ. ಅದರ ಬಲ ನಾಲ್ಕು ಚಕ್ರ ದಾಟಿ ಬ್ಯಾಲೆನ್ಸ್ ಗಾಲಿಗೆ ಮುಟ್ಟುತ್ತದೆ. ಆ ಗಾಲಿ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಅತ್ತಿತ್ತ ಹೊಯ್ದಾಡುತ್ತದೆ. ಅಲ್ಲಲ್ಲಿ ದಾಳಿಂಬೆ ಬೀಜದ ಬಣ್ಣದ 17 ಮಾಣಿಕ್ಯಗಳು. ಇವು ಅಲಂಕಾರಕ್ಕಲ್ಲ, ಸವೆತ ತಡೆಯಲು. ಬಿಚ್ಚುವುದಕ್ಕೂ ಕ್ರಮವಿದೆ. ಮೊದಲು ಸ್ಪ್ರಿಂಗಿನಲ್ಲಿ ಉಳಿದ ಬಿಗುವನ್ನು ಹಿಡಿತದಲ್ಲಿಟ್ಟುಕೊಂಡು ನಿಧಾನವಾಗಿ ಇಳಿಸಬೇಕು. ಮರೆತರೆ ಚಕ್ರಗಳು ಗಿರ್ರೆಂದು ತಿರುಗಿ ಹಲ್ಲು ಮುರಿದುಕೊಳ್ಳುತ್ತವೆ. ಆಮೇಲೆ ಬ್ಯಾಲೆನ್ಸ್, ಅದರಡಿಯ ಕವಲು, ಕಡೆಗೆ ಚಕ್ರಗಳ ಮೇಲಿನ ಸೇತುವೆ. ಸ್ಕ್ರೂಗಳು ಸಾಸಿವೆಗಿಂತ ಚಿಕ್ಕವು, ಫ್ಯಾನ್ ಆರಿಸಿಯೇ ಕೂರಬೇಕು. ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿದಾಗ ಅರ್ಧ ಶತಮಾನದ ಜಿಡ್ಡಿನಡಿಯಿಂದ ಹಿತ್ತಾಳೆ ಮಿರುಗುತ್ತದೆ. ಈ ಕಸುಬಿನ ಸುಖ ಇರುವುದೇ ಅಲ್ಲಿ.

ಇಲ್ಲಿ ನನ್ನದೊಂದು ತಕರಾರಿದೆ. ಹಾಗೆ ಮಿರುಗಿದ ಚಕ್ರವನ್ನು ಪಾರದರ್ಶಕ ರೆಸಿನ್‌ನಲ್ಲಿ ಮುಳುಗಿಸಿ, ಗೂಬೆಯ ಕಣ್ಣೋ ಚಿಟ್ಟೆಯ ರೆಕ್ಕೆಯೋ ಮಾಡಿ ಮಾರುವುದು ಈಗಿನ ವಾಡಿಕೆ. ಮುದ್ದಾಗಿರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ತಿರುಗದ ಗೇರು ಗೇರಲ್ಲ, ಬರೀ ಬಿಂದಿ. ಈ ಚಾಳಿಯನ್ನು ಸ್ಟೀಮ್‌ಪಂಕ್ ಬಳಗದವರೇ ಗೇಲಿ ಮಾಡುತ್ತಾರೆ. ಒಂದಿಷ್ಟು ಗೇರು ಅಂಟಿಸಿ ಸ್ಟೀಮ್‌ಪಂಕ್ ಎಂದುಬಿಡಿ ಎಂದು ಅಣಕಿಸುವ ಇಂಗ್ಲಿಷ್ ಹಾಡೊಂದು 2011ರಲ್ಲೇ ಬಂದಿದೆ. ಎರಡು ಚಕ್ರ ಸೇರಿಸಿದರೆ ಒಂದು ಇನ್ನೊಂದನ್ನು ತಿರುಗಿಸಬೇಕು, ಅದರಿಂದ ಏನಾದರೂ ಆಗಬೇಕು: ಮುಚ್ಚಳ ತೆರೆಯಲಿ, ಗಂಟೆ ಬಾರಿಸಲಿ, ದೀಪ ಏರಿಳಿಯಲಿ. ಟಿಪ್ಪುವಿನ ಹುಲಿಯೂ ಬರೀ ಆಟಿಕೆಯೇ. ಆದರೂ ಅದು ಗುರುಗುಟ್ಟುತ್ತದೆ.

ತಿರುಗುವ ಗೇರು ಬೇಕೆಂದರೆ ಲೇತ್ ಬೇಕು, ಲೇತ್ ಬೇಕೆಂದರೆ ಯಶವಂತಪುರ ದಾಟಿ ಪೀಣ್ಯಕ್ಕೆ ಹೋಗಬೇಕು. ಅಲ್ಲಿನ ಸಣ್ಣ ಶೆಡ್‌ಗಳಲ್ಲಿ ಜಾಬ್ ವರ್ಕ್ ಮಾಡುವವರು ಯಾವ ಮ್ಯೂಸಿಯಂನ ಕಲಾವಿದನಿಗೂ ಕಡಿಮೆಯಲ್ಲ. ಹಿತ್ತಾಳೆ ಸಲಾಕೆ ಕೊಟ್ಟು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರೆ ಬುಷ್, ಗುಬುಟು, ಬೆರಳಿಗೆ ಹಿಡಿತ ಕೊಡುವ ಗೀರುಗಳ ತಿರುಪು ಎಲ್ಲವೂ ಮೈಕ್ರಾನ್ ಲೆಕ್ಕದಲ್ಲಿ ಹೊರಬರುತ್ತವೆ. ತೊಡಕು ಒಂದೇ. ನೂರಾರು ಪೀಸಿನ ಆರ್ಡರ್ ಇರುವವರಿಗೆ ‘ಒಂದೇ ಒಂದು ಮಾಡಿಕೊಡಿ’ ಎಂದರೆ ಮುಖ ಸಿಂಡರಿಸುವುದು ಸಹಜ. ಮಧ್ಯಾಹ್ನದ ಟೀ ಹೊತ್ತಿಗೆ ಹೋಗಿ, ಏನು ಮಾಡುತ್ತಿದ್ದೀರೆಂದು ಬಿಡಿಸಿ ಹೇಳಿ. ಯಂತ್ರದ ಕುತೂಹಲ ಇರುವವನು ಇನ್ನೊಬ್ಬ ಅಂಥವನನ್ನು ಬರಿಗೈಲಿ ಕಳಿಸುವುದು ಕಡಿಮೆ.

ಪಕ್ಕದ ಬಿಇಎಲ್ ಶುರುವಾದದ್ದು 1954ರಲ್ಲಿ. ರಕ್ಷಣಾ ಉಪಕರಣಗಳ ಜೊತೆಗೆ ರೇಡಿಯೊ ವಾಲ್ವ್‌ಗಳನ್ನೂ ಅದು ತಯಾರಿಸುತ್ತಿತ್ತು. ಗಾಜಿನೊಳಗೆ ಕೆಂಡದ ಎಳೆಯಂತೆ ಬೆಳಗುವ ಆ ವಾಲ್ವ್‌ಗಳನ್ನು ಹಳೆಯ ಆಂಪ್ಲಿಫೈಯರ್ ಪ್ರಿಯರು ಇಂದಿಗೂ ಹುಡುಕಿಕೊಂಡು ಬರುತ್ತಾರೆ. ಯಲಹಂಕದ ಗಾಲಿ ಕಾರ್ಖಾನೆಯದು ಇನ್ನೊಂದು ಕಥೆ. 1984ರಿಂದ ಅಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಒತ್ತಡ ಕೊಟ್ಟು ಗ್ರಾಫೈಟ್ ಅಚ್ಚಿನೊಳಕ್ಕೆ ಏರಿಸಿ ರೈಲಿನ ಗಾಲಿ ಎರಕ ಹೊಯ್ಯುತ್ತಾರೆ. ಗುಜರಿಯಿಂದ ಹೊಸತು ಮಾಡುವುದು ಕಲಾವಿದರ ಹೊಸ ವಿಚಾರವೇನಲ್ಲ, ಯಲಹಂಕದಲ್ಲಿ ಅದು ಶಿಫ್ಟ್ ಡ್ಯೂಟಿ. ಅದೇ ಯಲಹಂಕದಲ್ಲಿ 1996ರಲ್ಲಿ ಶುರುವಾದ ಸೃಷ್ಟಿ ಕಲಾ ವಿನ್ಯಾಸ ಸಂಸ್ಥೆಯೂ ಇದೆ. ಗಾಲಿ ಕಾರ್ಖಾನೆಯ ನಿವೃತ್ತ ಫಿಟ್ಟರನ್ನೂ ಸೃಷ್ಟಿಯ ವಿದ್ಯಾರ್ಥಿಯನ್ನೂ ಒಂದೇ ಬೆಂಚಿನ ಮುಂದೆ ಕೂರಿಸಿದರೆ ಏನು ಹುಟ್ಟೀತು ಎಂದು ಯೋಚಿಸಿದರೇ ಖುಷಿಯಾಗುತ್ತದೆ.

ದೊಡ್ಡ ವಸ್ತು ಮಾಡುವವರಿಗೆ ಮೈಸೂರಿನ ಕೊಡುಗೆ ಯೆಜ್ಡಿ. 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾದ ಈ ಬೈಕಿನಲ್ಲಿ ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್. ಇಂಥ ಚತುರ ಲಿವರನ್ನು ಕುರ್ಚಿಯ ಹಿಡಿಯಾಗಿಸಿ ಸುಮ್ಮನೆ ಕೂರಿಸಿದರೆ ಅದಕ್ಕೆ ಮಾಡಿದ ಅವಮಾನ ಎಂದೇ ನನ್ನ ಭಾವನೆ.

ಹೊಸಬರು ಸಾಮಾನ್ಯವಾಗಿ ಕೈ ಹಾಕುವುದು ಪೈಪಿನ ದೀಪಕ್ಕೆ. ಅರ್ಧ ಇಂಚಿನ ಕೊಳವೆ, ಎಲ್ಬೋ, ಟೀ, ಮೇಲೊಂದು ಹಳದಿ ಫಿಲಮೆಂಟ್ ಬಲ್ಬು; ನಲ್ಲಿಯ ಚಕ್ರವನ್ನೇ ಡಿಮ್ಮರಿಗೆ ಜೋಡಿಸಿದರೆ ‘ನೀರು’ ತಿರುಗಿಸಿದಂತೆ ಬೆಳಕು ಬರುತ್ತದೆ. ಹೆಬ್ಬಾಳದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ಆರ್.ಟಿ. ನಗರದ ಮಹಡಿಯ ಮೇಲೂ ಆಗುವ ಕೆಲಸವಿದು. ಆದರೆ ಇಡೀ ದೀಪ ಲೋಹದ್ದು. ಒಳಗಿನ ವೈರು ಎಲ್ಲಾದರೂ ಸುಲಿದರೆ ಮುಟ್ಟಿದವರಿಗೆ ಶಾಕ್ ಖಚಿತ. ಮೂರು ಪಿನ್ನಿನ ಪ್ಲಗ್ ಹಾಕಿ ದೀಪದ ಮೈಗೆ ಅರ್ಥ್ ಕೊಡಲೇಬೇಕು. ಹಾಗೆ ಅರ್ಥ್ ಕೊಡದೆ ಇಂಥ ದೀಪ ಮಾರುವವರಿಂದ ಕೊಳ್ಳಲೇಬೇಡಿ. ಹೊಸ ಹಿತ್ತಾಳೆಗೆ ಹಳೆಯ ಹಸಿರು ಬಣ್ಣ ತರಿಸಲು ಉಪ್ಪು ಸವರಿ ಅಮೋನಿಯಾ ಹಬೆ ಹಿಡಿಸುವುದುಂಟು. ಅದನ್ನು ಬಯಲಲ್ಲೇ ಮಾಡಬೇಕು. ಕತ್ತಲಲ್ಲಿ ಹೊಳೆಯುವ ಡಯಲಿನ ತೀರಾ ಹಳೆಯ ವಿದೇಶಿ ಗಡಿಯಾರ ಕೈಗೆ ಬಂದರೆ ಆ ಬಣ್ಣವನ್ನು ಕೆರೆಯಬಾರದು. 1960ರ ದಶಕದವರೆಗೂ ಅದಕ್ಕೆ ರೇಡಿಯಂ ಬಳಸುತ್ತಿದ್ದರು, ಧೂಳು ಒಳಹೋದರೆ ಅಪಾಯ.

ಕೊಳ್ಳುವವರಿಗೂ ಮಾಡುವವರಿಗೂ ಒಂದು ಮಾತು. ಲಂಡನ್ನಿನ ಬೀದಿ ದೀಪವನ್ನು ನಕಲು ಮಾಡುವ ಅಗತ್ಯ ನಮಗಿಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನಮ್ಮ ಯಂತ್ರಯುಗದ ಕಲ್ಪನೆ ಅಲ್ಲಿಂದ ಚಿಗುರಲಿ. ಮಾಡಿದ ವಸ್ತುವಿನ ಬುಡದಲ್ಲಿ ಯಾವ ಭಾಗ ಯಾವ ಕಾರ್ಖಾನೆಯದು ಎಂದು ಕೊರೆಸಿ. ಶುರುಮಾಡುವ ಮುಂಚೆ ಜಾಲಹಳ್ಳಿಯ ಎಚ್‌ಎಂಟಿ ಪರಂಪರೆ ವಸ್ತುಸಂಗ್ರಹಾಲಯ ನೋಡಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ಮನೆಯ ಬೀರುವಿನಲ್ಲಿ ಅಜ್ಜನ ಎಚ್‌ಎಂಟಿ ಸಿಕ್ಕರೆ ಮೊದಲು ಕೀ ಕೊಟ್ಟು ನೋಡಿ. ನಡೆದರೆ ಅದನ್ನು ದಯವಿಟ್ಟು ಬಿಚ್ಚಬೇಡಿ. ಎಣ್ಣೆ ಹಾಕಿಸಿ, ಕೈಗೆ ಕಟ್ಟಿಕೊಳ್ಳಿ.