ಅಳಿಯ ತಂದ ಚಾಕು

ಕಳೆದ ಬೇಸಿಗೆಯಲ್ಲಿ ಅಮೆರಿಕದಿಂದ ಬಂದ ನನ್ನ ಅಳಿಯ, ಮನೆಮಂದಿಗೆಲ್ಲ ಉಡುಗೊರೆಗಳನ್ನು ಹಂಚಿದ ಮೇಲೆ, ನನ್ನ ಮುಂದಿನ ಮೇಜಿನ ಮೇಲೆ ಒಂದು ಕಪ್ಪು ಚರ್ಮದ ಚೀಲವನ್ನಿಟ್ಟ. ಕನ್ನಡಕದ ಚೀಲವಿರಬೇಕೆಂದು ಎತ್ತಿಕೊಂಡೆ. ಕೈ ಕೆಳಕ್ಕೆ ಜಗ್ಗಿತು. ಗುಂಡಿ ಬಿಚ್ಚಿ ನೋಡಿದರೆ ಒಳಗೆ ಮಡಿಸಿದ ಚಾಕು. “ಮಾವ, ಒಂದು ನಾಣ್ಯ ಕೊಡಿ” ಎಂದ. ಆ ದೇಶದಲ್ಲಿ ಚಾಕುವನ್ನು ಸುಮ್ಮನೆ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದೆಂಬ ನಂಬಿಕೆ ಇದೆಯಂತೆ. ಪಡೆದವನು ಬಿಡಿಗಾಸನ್ನಾದರೂ ಕೊಟ್ಟು ಅದನ್ನು ಕ್ರಯಕ್ಕೆ ಕೊಂಡಂತೆ ಮಾಡುತ್ತಾನಂತೆ. ನಮ್ಮಲ್ಲಿಯೂ ಹಿರಿಯರು ಕತ್ತಿಯನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲಿಡುತ್ತಿದ್ದರು, ಇನ್ನೊಬ್ಬರು ಎತ್ತಿಕೊಳ್ಳಬೇಕಾಗಿತ್ತು. ನಾನು ಒಂದು ರೂಪಾಯಿ ಕೊಟ್ಟು ಸಂಬಂಧವನ್ನು ಉಳಿಸಿಕೊಂಡೆ.

ಕನ್ನಡದ ಮೇಷ್ಟರಿಗೂ ಬೇಟೆಗಾರನ ಚಾಕುವಿಗೂ ಏನು ನಂಟು ಎಂದು ತಾವು ಕೇಳಬಹುದು. ನಂಟು ಇದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ವಸ್ತುವನ್ನು ನೋಡೋಣ.

ಮಡಿಸಿದಾಗ ಇದರ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಅಲಗು ಮೂರೂಮುಕ್ಕಾಲು ಅಂಗುಲ. ತೂಕ 200 ಗ್ರಾಮಿಗಿಂತ ತುಸು ಹೆಚ್ಚು. ಹಿಡಿಯ ಎರಡು ತುದಿಗಳಿಗೂ ಹಿತ್ತಾಳೆಯ ಗಟ್ಟಿ ತುಂಡುಗಳು, ನಡುವೆ ಕಂದುಗಪ್ಪು ಮರ. ಜೇಬಿಗೆ ಹಾಕಿಕೊಂಡರೆ ಜುಬ್ಬಾ ಒಂದು ಕಡೆಗೆ ವಾಲುತ್ತದೆ. ನನ್ನ ಹೆಂಡತಿ ಆ ಹಿತ್ತಾಳೆಯನ್ನು ನೋಡಿ, ಇದನ್ನು ದೇವರ ಪಾತ್ರೆಗಳ ಜೊತೆಗೆ ಹುಣಸೆಹಣ್ಣು ಹಾಕಿ ತಿಕ್ಕಬಹುದಲ್ಲ ಎಂದಳು. ಮರ ಹಾಳಾದೀತೆಂದು ನಾನೇ ತಡೆದೆ.

ಇದನ್ನು ಮಾಡಿದವರು ಬಕ್ ಎಂಬ ಮನೆತನದವರು. ಹಾಯ್ಟ್ ಬಕ್ ಎಂಬ ಹುಡುಗ ಕ್ಯಾನ್ಸಾಸ್ ಪ್ರಾಂತದಲ್ಲಿ ಕಮ್ಮಾರಿಕೆ ಕಲಿಯುತ್ತಿದ್ದಾಗ, ರೈತರ ಗುದ್ದಲಿಗಳ ಬಾಯಿ ಬೇಗ ಮೊಂಡಾಗುವುದನ್ನು ಕಂಡು, ಉಕ್ಕನ್ನು ಹದಗೊಳಿಸುವ ಒಳ್ಳೆಯ ಕ್ರಮವನ್ನು ಹುಡುಕಿದ. 1902ರ ಸುಮಾರಿಗೆ ಅವನು ಮಾಡಿದ ಮೊದಲ ಚಾಕುಗಳು ಸವೆದುಹೋದ ಅರಗಳಿಂದಾದವು. ನಮ್ಮ ಊರಿನ ಆಚಾರಿಯೂ ಸವೆದ ಅರವನ್ನು, ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಬೇಡಿ ಪಡೆದು ಕತ್ತಿ ಬಡಿಯುತ್ತಿದ್ದುದು ನನಗೆ ನೆನಪಿದೆ. ಒಳ್ಳೆಯ ಕಬ್ಬಿಣದ ವಾಸನೆ ಹಿಡಿಯುವ ವಿದ್ಯೆಗೆ ದೇಶಭೇದವಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಹಾಯ್ಟ್ ಬಕ್ ಇಡಾಹೊ ಪ್ರಾಂತದಲ್ಲಿ ಪಾದ್ರಿಯಾಗಿದ್ದ. ಸೈನಿಕರಿಗಾಗಿ ಚಾಕು ಮಾಡಲು ಮತ್ತೆ ಕುಲುಮೆ ಹೂಡಿದ. ಯುದ್ಧ ಮುಗಿದ ಮೇಲೆ ಸ್ಯಾನ್ ಡೀಗೊ ನಗರಕ್ಕೆ ಹೋಗಿ ಮಗ ಆಲ್ ಬಕ್‌ನನ್ನು ಕೂಡಿಕೊಂಡ. 1949ರಲ್ಲಿ ತಂದೆ ತೀರಿಕೊಂಡ. ಮಗ ಕಸುಬನ್ನು ಬಿಡಲಿಲ್ಲ. 1964ರಲ್ಲಿ ಹೊರಬಂದ, 110 ಎಂಬ ಸಂಖ್ಯೆಯ ಈ ಮಡಿಸುವ ಚಾಕು ಆ ಮನೆತನದ ಅದೃಷ್ಟವನ್ನೇ ಬದಲಾಯಿಸಿತು. ಅಮೆರಿಕದಲ್ಲಿ ಈ ಬಗೆಯ ಯಾವ ಚಾಕುವನ್ನಾದರೂ ‘ಬಕ್ ನೈಫ್’ ಎಂದೇ ಕರೆಯುವ ರೂಢಿ ಬಿದ್ದುಹೋಗಿದೆ.

ಹಾಗಾದರೆ ಇದರಲ್ಲಿ ಏನು ಹೆಚ್ಚಳ? ಬೇಟೆಗಾರನಿಗೆ ಬೇಕಾದದ್ದು ಹಿಡಿಯೊಡನೆ ಒಂದೇ ಆಗಿ ನಿಂತ, ಅಲುಗಾಡದ ಚೂರಿ. ಅಂಥದನ್ನು ಸೊಂಟದಲ್ಲಿ ಕಟ್ಟಿಕೊಂಡು ಓಡಾಡುವುದು ತೊಡಕು. ಮಡಿಸುವ ಚಾಕುವಾದರೆ ತೊಡಕಿಲ್ಲ, ಆದರೆ ನಂಬುವಂತಿಲ್ಲ. ಈ ಎರಡರ ನಡುವಿನ ಜಗಳವನ್ನು ತೀರಿಸುವುದು ಇದರ ಬೆನ್ನಿನಲ್ಲಿರುವ ಬೀಗ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ. ಅದರ ನಡುವೆ ಒಂದು ಮೊಳೆ. ಏತದ ಮರದಂತೆ ಒಂದು ತುದಿ ತಗ್ಗಿದರೆ ಇನ್ನೊಂದು ಏಳುತ್ತದೆ. ಹಿಂತುದಿಯ ಕೆಳಗೆ ಸ್ಪ್ರಿಂಗ್ ಕುಳಿತು ಅದನ್ನು ಮೇಲಕ್ಕೆ ಒತ್ತುತ್ತಿರುವುದರಿಂದ ಮುಂತುದಿ ಯಾವಾಗಲೂ ಕೆಳಕ್ಕೆ ಒತ್ತಿಕೊಂಡಿರುತ್ತದೆ. ಅಲಗನ್ನು ಪೂರ್ತಿ ತೆರೆದೊಡನೆ ಆ ಮುಂತುದಿಯ ಹಲ್ಲು ಅಲಗಿನ ಬುಡದಲ್ಲಿರುವ ಕಚ್ಚಿನೊಳಕ್ಕೆ ‘ಟಕ್’ ಎಂದು ಬೀಳುತ್ತದೆ. ಹೆಬ್ಬೆರಳಿನಿಂದ ಹಿಂತುದಿಯನ್ನು ಅದುಮಿದರೆ ಮಾತ್ರ ಹಲ್ಲು ಮೇಲೆದ್ದು ಅಲಗು ಮಡಿಸಲು ಒಪ್ಪುತ್ತದೆ.

ಇಂಥ ಬೀಗವನ್ನು ಬಕ್ ಮನೆತನದವರೇ ಕಂಡುಹಿಡಿದರೆಂದಲ್ಲ. ಯುರೋಪಿನಲ್ಲಿ ಅದು ಹಿಂದಿನಿಂದಲೂ ಇತ್ತು. ಸ್ಪೇನ್ ದೇಶದ ‘ನವಾಹ’ ಎಂಬ ಉದ್ದನೆಯ ಮಡಿಸುವ ಚಾಕು ತೆರೆಯುವಾಗ ಹಲ್ಲಿನಿಂದ ಹಲ್ಲಿಗೆ ಕಟಕಟ ಸದ್ದು ಮಾಡುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ತಿರುಗಿಸುವ ಒಂದು ಬಳೆ ಬಂದಿತು. ಬಳೆ ತಿರುಗಿಸಿದರೆ ಅಲಗಿಗೆ ದಾರಿ ಮುಚ್ಚಿತು. ನಮ್ಮ ದೇಶದಲ್ಲಿ ಹೆಸರು ಮಾಡಿದ್ದು ಉತ್ತರಪ್ರದೇಶದ ರಾಂಪುರದ ಚಾಕು. ಹಿಂದಿ ಚಲನಚಿತ್ರಗಳ ಖಳರು ಅದಕ್ಕೆ ತಂದುಕೊಟ್ಟ ಕೀರ್ತಿ ಅಷ್ಟಿಷ್ಟಲ್ಲ. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಸುಮಾರು ಇಪ್ಪತ್ತು ಅಡಿ ಉದ್ದದ ಚಾಕುವನ್ನೇ ನಿಲ್ಲಿಸಿದ್ದಾರೆ.

ನಮ್ಮ ಭಾಷೆಯತ್ತ ತಿರುಗಿದರೆ ಒಂದು ಸಂಗತಿ ಹೊಳೆಯುತ್ತದೆ. ‘ಚಾಕು’ ಪಾರಸಿಯ ದಾರಿಯಿಂದ ಬಂದದ್ದು. ‘ಚೂರಿ’ ಸಂಸ್ಕೃತದ ಮನೆಯದು. ಹಳಗನ್ನಡದ ‘ಸುರಗಿ’ಯೂ ಅದೇ ಬಳಗದ್ದು. ‘ಕತ್ತಿ’ ನಮ್ಮದೇ. ಅಡಿಕೆ ಸುಲಿಯುವಾಗ ಕಾಲಿನಿಂದ ಮೆಟ್ಟಿ ಹಿಡಿಯುವುದು ಮೆಟ್ಟುಗತ್ತಿ. ಕಕಾರ ಗಕಾರವಾದ ಬಗೆಯನ್ನು ಆದೇಶ ಸಂಧಿಗೆ ಉದಾಹರಣೆಯಾಗಿ ಎಷ್ಟು ವರ್ಷ ಪಾಠ ಹೇಳಿದೆನೋ! ಬಾಗಿದ್ದು ಕುಡುಗೋಲು, ಮಣೆಯ ಮೇಲೆ ಕೂತದ್ದು ಈಳಿಗೆ. ಇಷ್ಟೊಂದು ಹೆಸರುಗಳಿದ್ದರೂ ಮಡಿಸುವ ಅಲಗಿಗೆ ಬೇರೆ ಹೆಸರನ್ನು ನಾನು ಕೇಳಿದ್ದಿಲ್ಲ. ಮಲೆನಾಡಿನವನ ಕತ್ತಿ ಸೊಂಟದ ಕೊಕ್ಕೆಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುತ್ತದೆ, ಅದಕ್ಕೆ ಮಡಿಚಿಕೊಳ್ಳುವ ಅಗತ್ಯವಿಲ್ಲ. ಮಡಿಸುವ ಚಾಕು ನಮಗೆ ಜಾತ್ರೆಯಿಂದ ಬಂದದ್ದು.

ಇನ್ನು ನನ್ನ ನಂಟಿನ ಮಾತು. 1972ರಲ್ಲಿ ನನಗೆ ಹನ್ನೊಂದು ವರ್ಷ, ಅಣ್ಣನಿಗೆ ಹದಿನೈದು. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಒಂದು ಮಡಿಸುವ ಚಾಕು ಅಣ್ಣನ ಬಳಿ ಇತ್ತು. ಅಡಿಕೆಯ ಹಾಳೆಯಲ್ಲಿ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಆಟ ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತು. ಹಾಳೆಗೆ ಹಗ್ಗ ಕಟ್ಟಲು ತೂತು ಮಾಡಬೇಕಾಗಿತ್ತು. ನಾನು ಕಾಡಿ ಬೇಡಿ ಚಾಕುವನ್ನು ಇಸಿದುಕೊಂಡು, ತುದಿಯನ್ನು ಹಾಳೆಗೆ ಊರಿ ಬಲವಾಗಿ ತಿರುವಿದೆ. ಆ ಚಾಕುಗಳಲ್ಲಿ ಬೀಗವಿರುವುದಿಲ್ಲ. ಬೆನ್ನಿನ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿದಿರುತ್ತದೆ ಅಷ್ಟೆ. ಕೊಯ್ಯುವಾಗ ಒತ್ತಡವೆಲ್ಲ ಅಲಗನ್ನು ತೆರೆಯುವ ಕಡೆಗೇ ಬೀಳುವುದರಿಂದ ಅಪಾಯವಿಲ್ಲ. ತುದಿಯಿಂದ ಚುಚ್ಚಿದಾಗ ಮಾತ್ರ ಒತ್ತಡ ತಿರುಗಿಬಿದ್ದು, ಅಲಗು ಹಿಡಿದವನ ಬೆರಳಿನ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಬಲಗೈಯ ತೋರುಬೆರಳಿನ ನರ ಕತ್ತರಿಸಿತು. ಗಾಯ ಮಾಯಿತು, ತುದಿಯ ಗೆಣ್ಣು ಇಂದಿಗೂ ಬಾಗುವುದಿಲ್ಲ. ಸೀಮೆಸುಣ್ಣವನ್ನು ನಡುಬೆರಳಿನಲ್ಲಿ ಹಿಡಿದೇ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದೆ.

ತಂದೆಯವರು ನನ್ನನ್ನು ಗದರಲಿಲ್ಲ. “ಆಯುಧ ಕೊಟ್ಟವನದು ತಪ್ಪು” ಎಂದು ಅಣ್ಣನ ಕಡೆ ನೋಡಿದರು. ಅಣ್ಣ ಆ ಸಂಜೆಯೇ ಚಾಕುವನ್ನು ಬಾವಿಗೆ ಎಸೆದ. ಆಮೇಲೆ ಸುಗ್ಗಿಯಲ್ಲಿ ನಾನು ಮೆಟ್ಟುಗತ್ತಿಯ ಹತ್ತಿರ ಹೋದರೆ ಅಣ್ಣನೇ ಎಬ್ಬಿಸಿ, “ನೀನು ಓದಿಕೋ ಹೋಗು” ಎನ್ನುತ್ತಿದ್ದ. ನಾನು ಓದಿಕೊಂಡೆ, ಮೈಸೂರಿಗೆ ಹೋಗಿ ಎಂ.ಎ. ಮಾಡಿದೆ. ಅಣ್ಣ ಎಸ್.ಎಸ್.ಎಲ್.ಸಿ.ಗೇ ನಿಲ್ಲಿಸಿ ತೋಟಕ್ಕಿಳಿದ. ಇದಕ್ಕೂ ಆ ಬೆರಳಿಗೂ ಸಂಬಂಧವಿತ್ತೇ ಎಂಬುದನ್ನು ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ.

ಹೊಸ ಚಾಕುವನ್ನು ನಾನು ಎಲ್ಲದರ ಮೇಲೂ ಪ್ರಯೋಗಿಸಿದೆ. ಹಗ್ಗ, ರಟ್ಟು, ಮಾವಿನಹಣ್ಣು ಎಲ್ಲವೂ ಸಲೀಸು. ತೆಂಗಿನ ಸಿಪ್ಪೆಯ ಮುಂದೆ ಅದು ಸೋತಿತು. ಅಲ್ಲಿ ಬೇಕಾದದ್ದು ಹರಿತವಲ್ಲ, ಕತ್ತಿಯ ಭಾರ. ಅಲಗನ್ನು ತೆರೆಯಲು ಎರಡು ಕೈಯೂ ಬೇಕು: ಉಗುರುಗಚ್ಚಿಗೆ ಹೆಬ್ಬೆರಳಿನ ಉಗುರನ್ನು ಸಿಕ್ಕಿಸಿ ಎಳೆಯಬೇಕು. ನನ್ನ ಕೈಗೆ ಆ ನಿಧಾನವೇ ಒಳ್ಳೆಯದಾಯಿತು. ಊರಿನಿಂದ ಬಂದ ಹಲಸಿನಹಣ್ಣನ್ನು ಇದರಿಂದಲೇ ಹೆಚ್ಚಲು ಹೋದದ್ದು ಮಾತ್ರ ಅವಿವೇಕ. ಮೇಣವೆಲ್ಲ ಕಚ್ಚಿನೊಳಗೆ ಸೇರಿ, ಬೀಗದ ಹಲ್ಲು ಪೂರ್ತಿ ಇಳಿಯದೆ, ‘ಟಕ್’ ಎನ್ನಬೇಕಾದ ಸದ್ದು ಮಂದವಾಯಿತು. ಅಂಥ ಬೀಗ ಬೀಗವಲ್ಲ. ಕೊಬ್ಬರಿ ಎಣ್ಣೆಯಲ್ಲಿ ಅರ್ಧ ದಿನ ತಿಕ್ಕಿ ತೆಗೆದೆ.

ಮುಂದಿನ ವಾರ ಅಣ್ಣ ಬಂದ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತಿದ್ದವನ ಮುಂದೆ ಚಾಕುವನ್ನಿಟ್ಟೆ. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ತೆರೆದು, ಹೆಬ್ಬೆರಳಿನಿಂದ ಬಾಯಿಯನ್ನು ಅಡ್ಡಲಾಗಿ ಸವರಿ ಹರಿತ ನೋಡಿದ. ಅಲಗಿನ ಬೆನ್ನನ್ನು ಜಗಲಿಯ ಅಂಚಿಗೆ ಒತ್ತಿದ. ಮತ್ತೆ ಇನ್ನೂ ಜೋರಾಗಿ ಒತ್ತಿದ.

“ಮಡಚೋದಿಲ್ಲ” ಎಂದ.

“ಇಲ್ಲ ಅಣ್ಣಯ್ಯ, ಬೀಗ ಇದೆ.”

“ಆವಾಗ ಇಂಥದ್ದು ಇತ್ತೇನೋ?”

“ಇತ್ತು. ಅಮೆರಿಕದಲ್ಲಿ ಎಂಟು ವರ್ಷ ಮೊದಲೇ ಬಂದಿತ್ತು.”

ಅಣ್ಣ ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದ. ಬೀಗ ಅದುಮಿ ಅಲಗನ್ನು ಮಡಿಸಿ, ಚೀಲಕ್ಕೆ ಹಾಕಿ ಗುಂಡಿ ಒತ್ತಿ, ಅದನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು ನನ್ನ ಕಡೆಗೆ ಸರಿಸಿದ.