ನೆಲಕ್ಕೆ ಇಳಿದ ಪಠ್ಯ: ಜೆಫ್ರಿ ಜೆಲ್ಲಿಕೋ ಅವರ ಕೊನೆಯ ಮೂರು ದಶಕಗಳು

ಕನ್ನಡ ಎಂ.ಎ. ಓದುತ್ತಿರುವವನು ತೋಟ ಕಟ್ಟುವವರೊಬ್ಬರ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಇಷ್ಟೇ. ಇಂಗ್ಲೆಂಡಿನ ಜೆಫ್ರಿ ಜೆಲ್ಲಿಕೋ ತಮ್ಮ ಇಳಿವಯಸ್ಸಿನಲ್ಲಿ ಸಾಹಿತ್ಯಕೃತಿಗಳನ್ನು ನೆಲಕ್ಕೆ ಅನುವಾದ ಮಾಡಲು ಹೊರಟರು. ನೋಡುವವನಿಗೆ ಮೂಲಕೃತಿ ಗೊತ್ತಿಲ್ಲದಿದ್ದರೂ ನೆಲವೇ ಅರ್ಥವನ್ನು ದಾಟಿಸುತ್ತದೆ ಎಂದು ನಂಬಿದ್ದರು. ಆ ನಂಬಿಕೆ ಎಲ್ಲಿವರೆಗೆ ನಿಲ್ಲುತ್ತದೆ ಎಂಬುದು ನನ್ನ ಇವತ್ತಿನ ಪ್ರಶ್ನೆ. ಗಡಿಯಲ್ಲಿರುವ ನಮಗೂ ಆ ಪ್ರಶ್ನೆ ತಾಗುತ್ತದೆ, ಅದನ್ನು ಕೊನೆಯಲ್ಲಿ ಹೇಳ್ತೇನೆ.

ಮೊದಲು ಒಂದು ಸ್ಪಷ್ಟನೆ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅಂದರೆ ಬರೀ ಹೂದೋಟ ಮಾಡುವವರಲ್ಲ. ನೆಲದ ಏರಿಳಿತ, ನೀರಿನ ಹರಿವು, ಮರ, ದಾರಿ, ಕಟ್ಟಡ ಇವೆಲ್ಲ ಒಂದಕ್ಕೊಂದು ಹೇಗೆ ಹೊಂದಬೇಕು ಎಂದು ಯೋಜಿಸುವವರು. ಜೆಲ್ಲಿಕೋ ಹುಟ್ಟಿದ್ದು 1900ರಲ್ಲಿ. ಕಟ್ಟಡಶಿಲ್ಪ ಕಲಿತರು. 1925ರಲ್ಲಿ ಗೆಳೆಯ ಶೆಫರ್ಡ್ ಜೊತೆ ಇಟಲಿಯ ಪುನರುಜ್ಜೀವನ ಕಾಲದ ತೋಟಗಳ ಬಗ್ಗೆ ಪುಸ್ತಕ ತಂದರು. 1948ರಲ್ಲಿ ಈ ವೃತ್ತಿಯ ಅಂತರರಾಷ್ಟ್ರೀಯ ಒಕ್ಕೂಟ ಶುರುವಾದಾಗ ಅದರ ಮೊದಲ ಅಧ್ಯಕ್ಷರೂ ಆದರು. ಅಂದರೆ 60 ತುಂಬುವ ಹೊತ್ತಿಗೆ ಒಂದು ಬದುಕಿಗೆ ಸಾಕಾಗುವಷ್ಟು ಕೆಲಸ ಆಗಿತ್ತು. ಆದರೆ ಇವತ್ತು ನಾವು ಚರ್ಚೆ ಮಾಡುವ ಜೆಲ್ಲಿಕೋ ಶುರುವಾಗುವುದೇ ಅಲ್ಲಿಂದ ಮುಂದೆ.

1963ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಥೇಮ್ಸ್ ನದಿಯ ಪಕ್ಕ, 1215ರಲ್ಲಿ ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆ ಬಿದ್ದ ರನ್ನಿಮೀಡ್‌ನಲ್ಲಿ, ಅವರಿಗೊಂದು ಸ್ಮಾರಕ ಮಾಡುವ ಕೆಲಸ ಜೆಲ್ಲಿಕೋ ಅವರಿಗೆ ಬಂತು. ಬ್ರಿಟನ್ ಸಂಸತ್ತು ಕಾನೂನು ಮಾಡಿ ಅಲ್ಲಿನ ಒಂದು ಎಕರೆ ಜಾಗವನ್ನು ಅಮೆರಿಕಕ್ಕೇ ಕೊಟ್ಟಿತು. 1965ರಲ್ಲಿ ರಾಣಿ ಎಲಿಜಬೆತ್ ಅದನ್ನು ಉದ್ಘಾಟಿಸಿದರು. ಪ್ರತಿಮೆ ಇಲ್ಲ, ಗೋಪುರ ಇಲ್ಲ. ಬಯಲಿನಿಂದ ಒಂದು ಬಾಗಿಲು ದಾಟಿದರೆ ಕಾಡು. ಕಾಡಿನೊಳಗೆ ಸಣ್ಣ ಸಣ್ಣ ಗ್ರಾನೈಟ್ ಕಲ್ಲುಗಳ 50 ಮೆಟ್ಟಿಲು. ಹತ್ತಿ ಮೇಲೆ ಬಂದರೆ ಬೆಳಕಿನಲ್ಲಿ 7 ಟನ್ ತೂಕದ ಬಿಳಿ ಕಲ್ಲು, ಅದರ ಮೇಲೆ ಕೆನಡಿಯವರ ಮಾತು. ಪಕ್ಕದಲ್ಲಿ ಅಮೆರಿಕದ ಓಕ್ ಮರ. ಹತ್ಯೆ ನಡೆದ ನವೆಂಬರ್ ತಿಂಗಳಲ್ಲೇ ಅದರ ಎಲೆ ಕೆಂಪಾಗುತ್ತದೆ.

ಇದರ ಹಿಂದಿರುವ ಪಠ್ಯ ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್'. ಒಬ್ಬ ಯಾತ್ರಿಕ ಕಷ್ಟದ ದಾರಿಗಳನ್ನು ದಾಟಿ ದೇವನಗರಿಗೆ ಹೋಗುವ ರೂಪಕಕತೆ. ನಮ್ಮ ಕರಾವಳಿಗೆ ಬನಿಯನ್ ಹೊಸಬನಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಅದನ್ನು 19ನೇ ಶತಮಾನದಲ್ಲೇ 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ತಂದಿತ್ತು. ಕಾಸರಗೋಡು, ಮಂಗಳೂರು ಆಗ ಒಂದೇ ಜಿಲ್ಲೆ. ಮಿಷನ್‌ನವರು ಬನಿಯನ್‌ನನ್ನು ಇನ್ನೊಂದು ಭಾಷೆಗೆ ದಾಟಿಸಿದರು. ಜೆಲ್ಲಿಕೋ ಭಾಷೆಯನ್ನೇ ಬಿಟ್ಟು ಮೆಟ್ಟಿಲಿಗೆ, ಕತ್ತಲೆಗೆ, ಬೆಳಕಿಗೆ ದಾಟಿಸಿದರು. ಹತ್ತುವವರೆಲ್ಲ ಬನಿಯನ್‌ನನ್ನು ಓದಿರಬೇಕಿಲ್ಲ, ಒಳಮನಸ್ಸು ಅದನ್ನು ಗ್ರಹಿಸುತ್ತದೆ ಎಂಬುದು ಅವರ ವಾದ. ಮನಶ್ಶಾಸ್ತ್ರಜ್ಞ ಯೂಂಗ್‌ನ ಪ್ರಭಾವ ಇಲ್ಲಿ ಸ್ಪಷ್ಟ.

ಮುಂದಿನ ಪ್ರಯೋಗ ನೀರಿನದ್ದು. ವಿಲ್ಟ್‌ಶೈರ್‌ನ ಶೂಟ್ ಹೌಸ್ ಎಂಬ ಮನೆಯ ಹಿತ್ತಿಲಲ್ಲಿ ನದಿಯೊಂದರ ಒರತೆಗಳಿವೆ. 1970ರ ಆಸುಪಾಸಿನಲ್ಲಿ ಅಲ್ಲಿ ಕೆಲಸ ಶುರುಮಾಡಿದ ಜೆಲ್ಲಿಕೋ ಒಂದು ನೇರ ಕಿರುಕಾಲುವೆ ಮಾಡಿ, ನೀರು ಬೀಳುವ ಪ್ರತಿ ಹಂತದಲ್ಲೂ ತಾಮ್ರದ ತಗಡುಗಳನ್ನು ಬೇರೆ ಬೇರೆ ರೀತಿ ಇಟ್ಟರು. ಒಂದೊಂದು ಹಂತಕ್ಕೂ ಒಂದೊಂದು ಸ್ಥಾಯಿ, ಎಲ್ಲ ಸೇರಿ ಮೇಳ. ಕಾಶ್ಮೀರದ ಮೊಗಲ್ ತೋಟಗಳಲ್ಲಿ ನೀರನ್ನು ಇಳಿಜಾರು ಕಲ್ಲಿನ ಮೇಲೆ ಹರಿಸುವ ಕ್ರಮ ಇದೆಯಲ್ಲ, ಅದು ಇದಕ್ಕೆ ಪ್ರೇರಣೆ. 1975ರಲ್ಲಿ ಪತ್ನಿ ಸೂಸನ್ ಜೊತೆ 'ದಿ ಲ್ಯಾಂಡ್‌ಸ್ಕೇಪ್ ಆಫ್ ಮ್ಯಾನ್' ಬಂತು. ಮನುಷ್ಯ ತನ್ನ ಸುತ್ತಲ ನೆಲವನ್ನು ರೂಪಿಸಿಕೊಂಡ ಚರಿತ್ರೆ ಅದು.

80ರ ವಯಸ್ಸಿಗೆ ಸಟನ್ ಪ್ಲೇಸ್ ಬಂತು. ಸರ್ರೆಯ 16ನೇ ಶತಮಾನದ ದೊಡ್ಡ ಬಂಗಲೆ. ಅದರ ಸುತ್ತ ಸೃಷ್ಟಿ, ಬದುಕು, ಹಂಬಲ ಎಂಬ ಮೂರು ಘಟ್ಟಗಳನ್ನು ಕಟ್ಟಲು ಹೊರಟರು. ಹಳ್ಳದಂಥ ಕಂದಕದ ನೀರಿನ ಮೇಲೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಿದರೆ ಸ್ವರ್ಗದ ತೋಟ. ದಾರಿಯ ಕೊನೆಯಲ್ಲಿ ಬೆನ್ ನಿಕಲ್ಸನ್ ಮಾಡಿದ ಬಿಳಿ ಅಮೃತಶಿಲೆಯ ಗೋಡೆ, ಅದರ ಮುಂದೆ ನೀರು. ಯೋಜನೆಯ ಕೆಲವು ಭಾಗ ನೆಲಕ್ಕೆ ಇಳಿಯಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಮಾಲೀಕರು ಬಂಗಲೆಯನ್ನು ಮಾರಿದರು.

ಅಮೆರಿಕದ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ದ್ವೀಪದ್ದು ಇನ್ನೂ ದೊಡ್ಡ ಕನಸು. ಜೆಲ್ಲಿಕೋ ಹುಟ್ಟುವ ಒಂದು ತಿಂಗಳು ಮೊದಲು, 1900ರ ಸೆಪ್ಟೆಂಬರ್‌ನಲ್ಲಿ, ಚಂಡಮಾರುತ ಆ ಊರನ್ನು ಪುಡಿಮಾಡಿತ್ತು. ಅಲ್ಲಿ 1980ರ ದಶಕದಲ್ಲಿ, ದೋಣಿಯಲ್ಲಿ ಕೂತು ಈಡನ್, ಈಜಿಪ್ಟ್, ರೋಮ್, ಇಸ್ಲಾಂ, ಚೀನಾ ಹೀಗೆ ಜಗತ್ತಿನ ತೋಟಗಳ ಚರಿತ್ರೆಯನ್ನೇ ಸುತ್ತಿಬರುವ ಯೋಜನೆ ಹಾಕಿದರು. ರೋಮನ್ ಕವಿ ಲುಕ್ರೀಷಿಯಸ್ ಪ್ರಕೃತಿಯ ಬಗ್ಗೆ ಬರೆದ ದೀರ್ಘಕಾವ್ಯ ಅದಕ್ಕೆ ಬೆನ್ನೆಲುಬು. ಅವರು ಬಿಡಿಸಿದಂತೆ ಅದು ಕಟ್ಟಲ್ಪಡಲಿಲ್ಲ. ಮೂಡಿ ಗಾರ್ಡನ್ಸ್ ಎಂಬ ಆ ಜಾಗದಲ್ಲಿ ಈಗ ಗಾಜಿನ ಪಿರಮಿಡ್ಡುಗಳು, ಮತ್ಸ್ಯಾಲಯ, ಹೋಟೆಲ್ ಇವೆ. ಜೆಲ್ಲಿಕೋ 1996ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನನ್ನ ಪ್ರಶ್ನೆಗೆ ಬರ್ತೇನೆ. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಜೆಲ್ಲಿಕೋ ವಾಚ್ಯವನ್ನು ಪೂರ್ತಿ ಮುಚ್ಚಿಟ್ಟು ಧ್ವನಿಯನ್ನು ಮಾತ್ರ ಉಳಿಸಲು ನೋಡಿದರು. ಆದರೆ ಆನಂದವರ್ಧನನ ಧ್ವನಿಗೂ ಸಹೃದಯ ಬೇಕೇ ಬೇಕು. ರನ್ನಿಮೀಡ್ ಗೆಲ್ಲುವುದು ಯಾಕೆಂದರೆ ಅಲ್ಲಿ ಅರ್ಥವನ್ನು ಮೈಯೇ ಮಾಡುತ್ತದೆ. ಉಸಿರು ಕಟ್ಟಿ ಹತ್ತುವುದು, ಕತ್ತಲೆಯಿಂದ ಬಯಲಿಗೆ ಬರುವುದು ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಶೂಟ್‌ನ ನೀರಿನ ಸದ್ದೂ ಹಾಗೇ. ಸಟನ್ ಪ್ಲೇಸ್‌ನಲ್ಲಿ ಕಲ್ಲು ದಾಟುವ ಅಳುಕು ಎಲ್ಲರಿಗೂ ಸಿಗುತ್ತದೆ, ಆದರೆ ಮೂರು ಘಟ್ಟಗಳ ಕತೆ ಹೇಳಿಕೊಡುವವರಿಲ್ಲದೆ ಸಿಗುವುದಿಲ್ಲ. ಗ್ಯಾಲ್ವೆಸ್ಟನ್ನಿನ ಯೋಜನೆಯಂತೂ ಹೆಚ್ಚುಕಮ್ಮಿ ಪೂರ್ತಿ ಹೆಸರುಗಳ ಮೇಲೆ, ಓದಿನ ಮೇಲೆ ನಿಂತದ್ದು. ಅಂದರೆ ನೆಲ ದಾಟಿಸುವ ಅರ್ಥದಲ್ಲಿ ಎರಡು ಬಗೆ: ಒಂದು ಮೈಗೆ ಗೊತ್ತಾಗುವಂಥದ್ದು, ಇನ್ನೊಂದು ಭಾಷೆ ಇದ್ದರೆ ಮಾತ್ರ ಉಳಿಯುವಂಥದ್ದು.

ಈ ವ್ಯತ್ಯಾಸ ನಮಗೆ ಯಾಕೆ ಬೇಕು? ನಮ್ಮ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಅದರ ನೀರು ಕುಡಿಯುವವನಿಗೆ ಯಾವ ಭಾಷೆಯಾದರೂ ಸರಿ, ತಂಪು ಗೊತ್ತಾಗುತ್ತದೆ. ಆದರೆ ಬೈಲು ಅಂದರೆ ತಗ್ಗಿನ ಗದ್ದೆ, ಅಡ್ಕ ಅಂದರೆ ಬೇಸಾಯವಿಲ್ಲದ ಸಮತಟ್ಟು ಜಾಗ, ಪದವು ಅಂದರೆ ಗುಡ್ಡದ ಮೇಲಿನ ಬಯಲು. ಬದಿಯಡ್ಕ ಎಂಬ ಊರ ಹೆಸರಿನಲ್ಲಿ ನೆಲದ ಗುಣವೇ ಇದೆ. ಕನ್ನಡ, ತುಳು ಆಡುವ ಮಕ್ಕಳಿಗೆ ಅದು ಕೇಳಿಸುತ್ತದೆ. ಭಾಷೆ ಹೋದರೆ ಊರು ಅಲ್ಲೇ ಇರುತ್ತದೆ, ಹೆಸರು ಬರೀ ಸದ್ದಾಗುತ್ತದೆ. ಸುರಂಗ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ, ಅಡ್ಕವನ್ನು ನಾವೇ ಹೇಳಬೇಕು.

ಹೊಸೂರು, ತಾಳವಾಡಿ, ಜತ್ತ, ಅಕ್ಕಲಕೋಟೆ, ಮಡಕಶಿರಾದ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ನೆಲದ ಇಂಥ ಮಾತುಗಳಲ್ಲಿ ಯಾವುದು ಮೈಗೆ ತಿಳಿಯುತ್ತದೆ, ಯಾವುದಕ್ಕೆ ಕನ್ನಡವೇ ಬೇಕು ಅಂತ ಚರ್ಚೆಯಲ್ಲಿ ಹೇಳಿದರೆ ನನ್ನ ಅಧ್ಯಯನಕ್ಕೆ ಉಪಕಾರ ಆಗ್ತದೆ.