ನಾವು ನೋಡದ ಕೊಲ್ಲಿಯ ಕಡಲು

ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆಂದರೆ ನಮ್ಮ ಅನಿವಾಸಿ ಕನ್ನಡಿಗರ ಮನೆಗಳಲ್ಲಿ ಪ್ರವಾಸದ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಬುರ್ಜ್ ಖಲೀಫಾ, ದೊಡ್ಡ ದೊಡ್ಡ ಮಾಲ್‌ಗಳು, ಮರುಭೂಮಿ ಸಫಾರಿ, ಶೇಖ್ ಝಾಯೆದ್ ಮಸೀದಿ. ಇವೆಲ್ಲ ನೋಡತಕ್ಕವೇ, ಸಂಶಯವಿಲ್ಲ. ಆದರೆ ತೈಲ ಸಿಗುವ ಮೊದಲು ಈ ಕರಾವಳಿಯ ಜನರಿಗೆ ಅನ್ನ ಕೊಟ್ಟದ್ದು ಕಡಲು. ನಮ್ಮ ಮಲ್ಪೆ, ಗಂಗೊಳ್ಳಿಗಳ ಹಾಗೆ ದುಬೈ, ಅಬುಧಾಬಿ ಕೂಡ ಒಂದು ಕಾಲದಲ್ಲಿ ಮೀನುಗಾರರ ಮತ್ತು ಮುತ್ತು ಹೆಕ್ಕುವವರ ಊರುಗಳೇ!

ಮುತ್ತಿನ ಕಾಲ

ಬೇಸಿಗೆ ಬಂತೆಂದರೆ ಗಂಡಸರು ತಿಂಗಳುಗಟ್ಟಲೆ ದೋಣಿಗಳಲ್ಲಿ ಕಡಲಿಗೆ ಹೋಗುತ್ತಿದ್ದರು. ಮುಳುಗುವವನು ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು, ಒಂದೇ ಉಸಿರಿನಲ್ಲಿ ತಳಕ್ಕಿಳಿದು ಚಿಪ್ಪು ಆರಿಸುತ್ತಿದ್ದ. ಹಗ್ಗ ಹಿಡಿದು ಮೇಲೆ ನಿಂತವನ ಕೈಯಲ್ಲಿ ಅವನ ಪ್ರಾಣ! ದಣಿವು ಮರೆಸಲು ಹಾಡುಗಾರನೂ ದೋಣಿಯಲ್ಲಿರುತ್ತಿದ್ದ. ಮುತ್ತುಗಳು ಮುಂಬಯಿಯ ಪೇಟೆಗೆ ಹೋಗುತ್ತಿದ್ದವು. ದೋಣಿ ಕಟ್ಟುವ ಸಾಗುವಾನಿ ಮಲಬಾರಿನಿಂದ ಬರುತ್ತಿತ್ತು. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತು ಮತ್ತು ಜಾಗತಿಕ ಆರ್ಥಿಕ ಕುಸಿತ ಸೇರಿ ಈ ಕಸುಬಿನ ಬೆನ್ನು ಮುರಿದವು. ಅಬುಧಾಬಿಯ ಮರಾವಾ ದ್ವೀಪದಲ್ಲಿ 2017ರಲ್ಲಿ ಉತ್ಖನನದಲ್ಲಿ ಸಿಕ್ಕ ಮುತ್ತು ಸುಮಾರು 8,000 ವರ್ಷ ಹಳೆಯದು ಎಂದರೆ ಈ ಪರಂಪರೆಯ ಆಳ ತಿಳಿಯುತ್ತದೆ.

ದುಬೈ ಖೋರ್‌ನ ಒಂದು ದಿನ

ದೇರಾ ಮತ್ತು ಬರ್ ದುಬೈ ನಡುವಿನ ಅಬ್ರಾ ದೋಣಿಯಲ್ಲಿ ಒಂದು ದಿರ್ಹಮ್ ಕೊಟ್ಟು ಕುಳಿತರೆ ಅದೇ ಒಂದು ಇತಿಹಾಸ ಪಾಠ. ಶಿಂದಘಾದ ವಸ್ತು ಸಂಗ್ರಹಾಲಯ, ಅಲ್ ಫಹೀದಿಯ ಗಾಳಿಗೋಪುರದ ಹಳೆ ಮನೆಗಳು ನಡೆದು ನೋಡುವಷ್ಟು ಹತ್ತಿರ. ದೇರಾದ ಹಳೆ ಮೀನು ಮಾರುಕಟ್ಟೆ 2017ರಲ್ಲಿ ವಾಟರ್‌ಫ್ರಂಟ್ ಮಾರ್ಕೆಟ್‌ಗೆ ಸ್ಥಳಾಂತರವಾಯಿತು. ಅಲ್ಲಿ ನಮ್ಮ ಅಂಜಲ್ 'ಕನಾದ್' ಎಂಬ ಅರಬ್ಬಿ ಹೆಸರು ಹೊತ್ತು ಮಲಗಿರುತ್ತದೆ! ಖೋರ್‌ನ ತುದಿಯ ರಾಸ್ ಅಲ್ ಖೋರ್ ಅಭಯಾರಣ್ಯ 2007ರಲ್ಲಿ ರಾಮ್ಸಾರ್ ತಾಣವಾಯಿತು. ಚಳಿಗಾಲದಲ್ಲಿ ಗುಲಾಬಿ ಫ್ಲೆಮಿಂಗೊಗಳ ಹಿಂಡು, ಅದರ ಹಿಂದೆ ಗಗನಚುಂಬಿ ಕಟ್ಟಡಗಳು; ಮಕ್ಕಳಿಗೆ ಮರೆಯಲಾಗದ ನೋಟ.

ಅಬುಧಾಬಿಯ ಕಾಂಡ್ಲಾ ಕಾಡು

ಕುಂದಾಪುರ, ಹೊನ್ನಾವರದವರಿಗೆ ಕಾಂಡ್ಲಾ ಹೊಸದಲ್ಲ. ಅಬುಧಾಬಿಯ ಜುಬೈಲ್ ದ್ವೀಪದಲ್ಲಿ 2020ರಲ್ಲಿ ತೆರೆದ ಉದ್ಯಾನದಲ್ಲಿ ಮರದ ಕಾಲುದಾರಿಯ ಮೇಲೆ ಈ ಕಾಡಿನೊಳಗೇ ನಡೆಯಬಹುದು. ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದ ಉಸಿರಾಟದ ಬೇರುಗಳು ಕಾಣುತ್ತವೆ. ಎಲೆಗಳು ಉಪ್ಪನ್ನು ಹೊರಹಾಕುತ್ತವೆ. ಮೀನಿನ ಮರಿಗಳಿಗೆ, ಏಡಿಗಳಿಗೆ ಇದು ತೊಟ್ಟಿಲು. ಇನ್ನೂ ಪಶ್ಚಿಮಕ್ಕೆ, ಮರಾವಾ ಸುತ್ತಲಿನ ಕಡಲ ಹುಲ್ಲುಗಾವಲಿನಲ್ಲಿ ಕಡಲ ಹಸುಗಳು ಮೇಯುತ್ತವೆ. ಅಬುಧಾಬಿಯ ನೀರಿನಲ್ಲಿ ಇವು ಸುಮಾರು 3,000 ಇವೆ. ಆಸ್ಟ್ರೇಲಿಯಾ ಬಿಟ್ಟರೆ ಜಗತ್ತಿನಲ್ಲೇ ಎರಡನೆಯ ದೊಡ್ಡ ಸಂಖ್ಯೆ.

ಹಮೂರ್ ಹೇಳುವ ಎಚ್ಚರಿಕೆ

ಇಲ್ಲಿಯ ಅಚ್ಚುಮೆಚ್ಚಿನ ಮೀನು ಹಮೂರ್. ಹುಟ್ಟುವಾಗ ಹೆಣ್ಣಾಗಿರುವ ಇದು ವರ್ಷಗಳು ಕಳೆದು ದೊಡ್ಡದಾದ ಮೇಲೆ ಗಂಡಾಗುತ್ತದೆ. ಹಾಗಾಗಿ ದೊಡ್ಡದನ್ನೆಲ್ಲ ಹಿಡಿದರೆ ಗಂಡು ಇಲ್ಲ, ಚಿಕ್ಕದನ್ನೂ ಹಿಡಿದರೆ ಮೊಟ್ಟೆಯಿಡಲು ಹೆಣ್ಣೇ ಇಲ್ಲ! ಅತಿಯಾದ ಮೀನುಗಾರಿಕೆಯಿಂದ ಹಮೂರ್ ಸಂತತಿ ತೀರಾ ಇಳಿದಿತ್ತು. ಅದಕ್ಕೇ ಅಬುಧಾಬಿಯಲ್ಲಿ ಗುಮ್ಮಟದಾಕಾರದ 'ಗರ್‌ಗೂರ್' ಬಲೆಪಂಜರಗಳನ್ನು 2019ರಲ್ಲಿ ನಿಷೇಧಿಸಲಾಯಿತು. ನಮ್ಮೂರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದೂ ಇದೇ ಕಾರಣಕ್ಕೆ. ಕಡಲಿಗೂ ಬಸಿರು-ಬಾಣಂತನದ ಬಿಡುವು ಬೇಕಲ್ಲವೇ?

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಅಂಗೈಯಗಲದ ಹಮೂರ್ ಮರಿಯನ್ನು ಕೊಳ್ಳದಿರೋಣ. ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಬೂತಾಯಿ, ಬಂಗುಡೆಗಳು ನಮ್ಮ ನಾಲಿಗೆಗೂ ಹತ್ತಿರ, ಜೇಬಿಗೂ ಹಗುರ. ವಿಹಾರಕ್ಕೆ ಹೋದಾಗ ಪ್ಲಾಸ್ಟಿಕ್ಕನ್ನು ದಡದಲ್ಲಿ ಬಿಡದೆ ಮನೆಗೆ ತರೋಣ. ಮುಂದಿನ ವಾರಾಂತ್ಯ ಮಾಲ್ ಬಿಟ್ಟು ಮಕ್ಕಳನ್ನು ಒಮ್ಮೆ ಕಡಲಿನ ಕಡೆ ಕರೆದೊಯ್ಯಿರಿ. ಈ ನೀರೇ ಮುಂದೆ ಅರಬ್ಬೀ ಸಮುದ್ರವಾಗಿ ಪಣಂಬೂರು, ಮಲ್ಪೆ, ಕಾರವಾರದ ದಡ ಮುಟ್ಟುತ್ತದೆ ಎಂದು ಅವರಿಗೆ ಹೇಳಿ. ಅನ್ನ ಕೊಟ್ಟ ನಾಡಿನ ಕಡಲನ್ನು ತಿಳಿಯುವುದೂ ಆ ನಾಡಿಗೆ ಸಲ್ಲಿಸುವ ಒಂದು ಕೃತಜ್ಞತೆಯೇ.